ಗಲ್ಲಾದ ಮೇಲೆ ಹಿಡಿದ ಉಸಿರು

ನೌಪಾಡಾದಲ್ಲಿ ನಮ್ಮದು ಹೋಟೆಲು. ನನ್ನ ಕರುಳು ಊದಿಕೊಂಡದ್ದು ಅಲ್ಲಿ ಯಾರಿಗೂ ತಿಳಿಯಬಾರದೆಂದು ಅಪ್ಪ ನನ್ನನ್ನು ದೂರದ ಬೇಲಾಪುರದ ಆಸ್ಪತ್ರೆಗೆ ಕರೆದೊಯ್ದರು. "ಹೋಟೆಲಿನವನ ಮಗನಿಗೇ ಹೊಟ್ಟೆ ಸರಿ ಇಲ್ಲ ಅಂದ್ರೆ ಗಿರಾಕಿಗಳು ಏನಂತ ತಿಳ್ಕೊಳ್ತಾರೆ ಮಾರಾಯ" ಎಂದರು.

ಸೋನೋಗ್ರಫಿಯಲ್ಲಿ ಕರುಳಿನ ಗೋಡೆ ದಪ್ಪವಾದದ್ದು ಕಂಡಿತು. ಎಷ್ಟು ದೂರ ಹಬ್ಬಿದೆಯೆಂದು ನೋಡಲು ಎಂಆರ್‌ಐ ಕೂಡ ಬೇಕೆಂದರು. ಹೊಟ್ಟೆ ಬಿರಿಯುವಷ್ಟು ದ್ರವ ಕುಡಿಸಿ ನನ್ನನ್ನು ಯಂತ್ರದ ಕೊಳವೆಯೊಳಗೆ ತಳ್ಳಿದರು. "ಸಾಂಸ್ ರೋಕೋ" ಎಂದಿತು ಕಿವಿಯಲ್ಲೊಂದು ದನಿ. ಉಸಿರು ಕಟ್ಟಿ ಮಲಗಿದೆ. "ಛೋಡೋ" ಎಂದಾಗ ಬಿಟ್ಟೆ. ಎರಡೂ ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದ ಡಾಕ್ಟರು, ವರ್ಷಗಟ್ಟಲೆ ಔಷಧಿ ಬೇಕು ಎಂದರು.

ಸಂಜೆಯೇ ಅಪ್ಪ ನನ್ನನ್ನು ಗಲ್ಲಾದ ಮೇಲೆ ಕೂರಿಸಿದರು. ಬೆಳಗ್ಗೆ ಎಲ್ಲಿ ಹೋಗಿದ್ದೆ ಎಂದು ಹಳೆಯ ಗಿರಾಕಿಯೊಬ್ಬರು ಕೇಳಿದರು. "ಬ್ಯಾಂಕಿನ ಕೆಲಸ ಇತ್ತು" ಎಂದು ಅಪ್ಪನೇ ಹೇಳಿದರು. ಹೊಟ್ಟೆ ಹಿಂಡುತ್ತಿತ್ತು. ಉಸಿರು ಹಿಡಿದು ನಕ್ಕೆ. "ಛೋಡೋ" ಅನ್ನುವವರು ಅಲ್ಲಿ ಯಾರೂ ಇರಲಿಲ್ಲ.