ಹೆಗಲ ಮೇಲೆ ಟವೆಲ್ ಇದ್ದರೆ ಊರಲ್ಲಿಲ್ಲ!

ಮೊನ್ನೆ ಬೆಳಗ್ಗೆ ದೋಸೆ ಕಾವಲಿ ಒಲೆಯ ಮೇಲಿತ್ತು, ಫೋನು ಬಂತು. ಆ ಕಡೆಯಿಂದ ಕಿವಿ ಕಿತ್ತುಹೋಗುವಂಥ ಹಾರನ್. ಅದನ್ನೂ ಮೀರಿಸುವಂಥ ಕೂಗು.

"ಅಕ್ಕಾ, ನಾನು ಲಾರೀಲಿವ್ನಿ! ಉಬ್ಬಳ್ಳಿ ದಾಟ್ಬುಟ್ವಿ!"

ಶಬಾನಾ! ದೋಸೆ ಸೀದರೆ ಸೀಯಲಿ ಎಂದು ನಾನೂ ಕೂಗಿದೆ. ಯಾಕಿಷ್ಟು ಸಂಭ್ರಮ ಅಂತೀರಾ? ಲಾಕ್‌ಡೌನಿನಲ್ಲಿ ಇದೇ ಶಬಾನಾ ಬ್ಯಾಗು ಹಿಡಿದು, ಗಂಡನನ್ನು ಬಿಟ್ಟು ಹೊರಟು ನಿಂತಿದ್ದಳು.

ಆಗ ನಾನು ಮತ್ತು ನಮ್ಮ ಯಜಮಾನರು ಪಾಂಡವಪುರದಲ್ಲಿ ಅವಳ ಮನೆಯ ಮಹಡಿಯ ಮೇಲಿದ್ದ ಒಂದೇ ಒಂದು ರೂಮಿನಲ್ಲಿದ್ದೆವು. ಶ್ರೀರಂಗಪಟ್ಟಣದ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟು, ಹಳೇ ವ್ಯಾನಿನಲ್ಲಿ ವರ್ಷಗಟ್ಟಲೆ ದೇಶ ಸುತ್ತಿದ್ದೆವಲ್ಲ (ಆ ಕತೆ ಹೇಳಿ ಹೇಳಿ ನಿಮ್ಮ ತಲೆ ತಿಂದಿದ್ದೇನೆ, ಗೊತ್ತು), ವಾಪಸ್ ಬಂದು ನಾಲ್ಕು ದಿನಕ್ಕೆಂದು ಹಿಡಿದ ರೂಮು. ಅಷ್ಟರಲ್ಲಿ ಊರಿಗೆ ಊರೇ ಬಂದ್. ಬಾಡಿಗೆಯವರನ್ನು ಎಬ್ಬಿಸಿ ಎಲ್ಲಿಗೆ ಕಳಿಸುವುದು?

"ಒಂದೇ ರೂಮಲ್ಲಿ ಎಂಗಕ್ಕಾ ಇರ್ತೀರಾ?" ಎಂದು ಕೆ.ಆರ್. ಪೇಟೆಯಿಂದ ನನ್ನ ತಂಗಿ ಮರುಗಿದಳು.

ಎಂಥ ಮರುಕ! ವ್ಯಾನಿನ ಮುಂದೆ ಅದು ಅರಮನೆ ಕಣ್ರೀ! ಎದ್ದು ನಿಂತರೆ ತಲೆ ಬಡಿಯುವುದಿಲ್ಲ. ಒಂದು ಬಕೆಟ್ಟಿನಲ್ಲಿ ಇಬ್ಬರ ಸ್ನಾನ ಮುಗಿಸುತ್ತಿದ್ದವರಿಗೆ, ನಲ್ಲಿ ತಿರುಗಿಸಿದರೆ ನೀರು! ಈರುಳ್ಳಿ ಸಿಗದಿದ್ದರೆ ಈರುಳ್ಳಿ ಇಲ್ಲದ ಸಾರು. ನಾಳೆ ಏನು ಎಂದು ಗೊತ್ತಿಲ್ಲದೆ ನಿದ್ದೆ ಮಾಡುವುದಂತೂ ನಮಗೆ ಅಭ್ಯಾಸವಾಗಿಹೋಗಿತ್ತು.

ಎಲ್ಲಕ್ಕಿಂತ ದೊಡ್ಡದು ನಮ್ಮ ಟವೆಲ್ ಕಾನೂನು. ರಾಜಸ್ಥಾನದ ಬಿಸಿಲಿನಲ್ಲಿ, ದಾರಿ ತಪ್ಪಿದ್ದು ಯಾರಿಂದ ಎಂಬ ಮಹಾಯುದ್ಧದ ನಂತರ ಹುಟ್ಟಿದ್ದು. ಯಾರ ಹೆಗಲ ಮೇಲೆ ಟವೆಲ್ ಬಿತ್ತೋ ಅವರು ಊರಲ್ಲಿಲ್ಲ. ಮಾತಾಡಿಸುವ ಹಾಗಿಲ್ಲ. ಮುಖ ಯಾಕೆ ಊದಿಸಿಕೊಂಡಿದ್ದೀಯ ಅನ್ನುವ ಹಾಗಿಲ್ಲ. ಟವೆಲ್ ತೆಗೆದರೆ ಊರಿಗೆ ಬಂದರು ಅಂತ ಅರ್ಥ, ಟೀ ಮಾಡಿಕೊಡಬೇಕು. ಗಂಡ ಹೆಂಡತಿ ಜೊತೆಗಿರಲು ಪ್ರೀತಿಯೊಂದೇ ಸಾಕು ಅಂದವರು ಯಾರು? ಆಗಾಗ ಮಾಯವಾಗಲು ಒಂದು ದಾರಿಯೂ ಬೇಡವೇ?

ಶಬಾನಾಳ ಗಂಡ ಇಮ್ತಿಯಾಜ್ ಲಾರಿ ಡ್ರೈವರ್. ನಮಗಿಂತ ಹೆಚ್ಚು ದೇಶ ನೋಡಿದವನು. ಆದರೆ ಒಬ್ಬನೇ! ಮದುವೆಯಾದಾಗಿನಿಂದ ಒಂದು ವಾರ ಒಟ್ಟಿಗೆ ಮನೆಯಲ್ಲಿದ್ದವನಲ್ಲ. ದಿನಾ ಸಂಜೆ ಡಾಬಾದಿಂದ ಫೋನು, ನಗು, ಹರಟೆ. ಈಗ ಲಾರಿ ನಿಂತಿತು, ಗಂಡ ಹಗಲೂ ರಾತ್ರಿ ಮನೆಯಲ್ಲಿ. ಸೌಟು ಯಾಕಿಲ್ಲಿಟ್ಟೆ, ಫ್ಯಾನು ಯಾಕೆ ಹಾಕಿದೆ... ಮಹಡಿಗೆ ಎಲ್ಲ ಕೇಳಿಸುತ್ತಿತ್ತು.

ಒಂದು ಬೆಳಗ್ಗೆ ಶಬಾನಾ ಬ್ಯಾಗು ಹಿಡಿದು ಮೇಲೆ ಬಂದಳು.

"ನಾಗಮಂಗ್ಲಕ್ಕೆ ಓಯ್ತೀನಿ ಅಕ್ಕಾ, ಅಮ್ಮನ ಮನೆಗೆ. ನಡ್ಕೊಂಡೇ ಓಯ್ತೀನಿ. ಅಲ್ಲಾನಾಣೆ ಇನ್ನು ಬರಾಕಿಲ್ಲ."

ಆ ದನಿಯಲ್ಲಿ ಆಟವಿರಲಿಲ್ಲ. ಬಾಯಿಗೆ ಬಂದದ್ದು ಟವೆಲ್ ಕಾನೂನು, ಹೇಳಿಬಿಟ್ಟೆ. ಇವತ್ತೊಂದು ದಿನ ನೋಡು ತಾಯಿ ಎಂದು ಕೈ ಹಿಡಿದುಕೊಂಡೆ. ನಮ್ಮ ಯಜಮಾನರು ಕೆಳಗೆ ಹೋಗಿ ಇಮ್ತಿಯಾಜನಿಗೂ ಹೇಳಿಬಂದರು.

ಬ್ಯಾಗನ್ನು ಹೊರಗೆ ಮೆಟ್ಟಿಲ ಮೇಲೇ ಬಿಟ್ಟು ಒಳಗೆ ಹೋದ ಶಬಾನಾ, ಸ್ವಲ್ಪ ಹೊತ್ತಿಗೇ ಮತ್ತೆ ಓಡಿಬಂದಳು.

"ಅಕ್ಕಾ, ನಮ್ಮೋರು ಊರಿಗೆ ಬರೋ ಅಂಗೇ ಕಾಣಾಕಿಲ್ಲ!"

ಅಯ್ಯೋ ದೇವರೇ! ಲಾರಿ ಡ್ರೈವರ್ ಹೆಗಲ ಮೇಲೆ ಟವೆಲ್ ಇಲ್ಲದ ದಿನವುಂಟೇ? ಸ್ಟೇರಿಂಗ್ ಹಿಡಿದಾಗಿನಿಂದ ಅವನು ಅದನ್ನು ಕೆಳಗಿಟ್ಟಿಲ್ಲ. ಟವೆಲ್ ಇಲ್ಲದ ಗಂಡಸೇ ಇಲ್ಲದ ಸೀಮೆಯಲ್ಲಿ ಇಂಥ ಕಾನೂನು ಹೇಳಿಕೊಟ್ಟ ನನ್ನ ಬುದ್ಧಿಗೆ ಏನನ್ನಬೇಕು!

ಶಬಾನಾ ಸೀದಾ ಕೆಳಗೆ ಹೋಗಿ ಆ ಟವೆಲ್ಲನ್ನು ಎಳೆದು ತನ್ನ ಹೆಗಲಿಗೆ ಹಾಕಿಕೊಂಡಳು. ಹೊರಗೆ ಮೆಟ್ಟಿಲ ಮೇಲೆ, ಬ್ಯಾಗಿನ ಪಕ್ಕ ಕೂತುಬಿಟ್ಟಳು. ನಾವಿಬ್ಬರು ಮೇಲಿನಿಂದ ಬಗ್ಗಿ ನೋಡುತ್ತಿದ್ದೆವು (ಹೌದು, ಕದ್ದು. ಲಾಕ್‌ಡೌನಿನಲ್ಲಿ ಬೇರೆ ಸಿನಿಮಾ ಎಲ್ಲಿತ್ತು?). ಒಳಗೆ ಪಾತ್ರೆ ಸದ್ದು. ಒಗ್ಗರಣೆ ಘಾಟು. ಆಮೇಲೆ, ಮೆಟ್ಟಿಲ ಮೇಲಿದ್ದವಳ ಫೋನು ಹೊಡೆದುಕೊಂಡಿತು.

ಅಡುಗೆಮನೆಯಿಂದ ಇಮ್ತಿಯಾಜ್! ಅವನ ಮಾತು ಕಿಟಕಿಯಿಂದ ನಮಗೂ ಕೇಳಿಸಿತು.

"ಎಲ್ಲಿದ್ದೀಯಾ?"

"ನಾಗಮಂಗ್ಲದಲ್ಲಿ."

"ಯಾವಾಗ ಬತ್ತೀಯಾ? ಅನ್ನ ಆರೋಯ್ತದೆ."

ಇವಳು ಬ್ಯಾಗಿನ ಜಿಪ್ಪು ಎಳೆದಳು, ಮತ್ತೆ ಬಿಚ್ಚಿದಳು.

"ನಂಗೆ ಫೋನಲ್ಲಿ ಮಾತಾಡೋದಷ್ಟೇ ಗೊತ್ತು ಕಣೇ. ಜೊತೇಲಿರೋದು ಗೊತ್ತಿಲ್ಲ. ಕಲಿತೀನಿ ಬಾ."

ಶಬಾನಾ ಟವೆಲ್ ತೆಗೆದು ಕಣ್ಣು ಒರೆಸಿಕೊಂಡಳು. ಬ್ಯಾಗು ಒಳಗೆ ಹೋಯಿತು. ನಾನು ಯಜಮಾನರ ಎರಡೂ ಕೈ ಹಿಡಿದು ಕುಣಿದುಬಿಟ್ಟೆ!

ಅದೇ ಜೋಡಿ ಈಗ ಒಂದೇ ಲಾರಿಯಲ್ಲಿ. "ಟವೆಲ್ ಯಾರ ಹೆಗಲ ಮೇಲಿದೆ?" ಎಂದು ಮೊನ್ನೆ ಕೇಳಿದೆ.

"ಕಿಟಕಿಗೆ ಕಟ್ಟಿವ್ನಿ ಅಕ್ಕಾ, ಬಿಸ್ಲು!"

ಫೋನಿಟ್ಟೆ. ಈಗ ನಾವು ಶ್ರೀರಂಗಪಟ್ಟಣದ ಸ್ವಂತ ಮನೆಯಲ್ಲಿದ್ದೇವೆ. ರೂಮು ಬೇಕಾದಷ್ಟು. ಯಜಮಾನರೊಂದು ರೂಮಿನಲ್ಲಿ, ನಾನೊಂದು ರೂಮಿನಲ್ಲಿ, ಟವೆಲ್ ಬಾತ್‌ರೂಮಿನಲ್ಲಿ. ಜಗಳವಿಲ್ಲ. ಮಾತೂ ಇಲ್ಲ. ಟವೆಲ್ ಹಾಕದೆಯೇ ಇಬ್ಬರೂ ಊರಲ್ಲಿಲ್ಲ!

ಸೀದ ದೋಸೆ ಕೆರೆದು ಹಾಕಿ, ಅಡುಗೆಮನೆಯಿಂದಲೇ ಯಜಮಾನರಿಗೆ ಫೋನು ಮಾಡಿದೆ.

"ರೀ, ವ್ಯಾನಿನ ಕೀ ಎಲ್ಲಿಟ್ಟಿದ್ದೀರಾ?"