ಸ್ಟ್ಯಾನಿ ತಾವ್ರೊ ಬರೆದ ಎಂಟನೆಯ ಹೆಸರು

ಪ್ರತಿ ವರ್ಷ ಆಗಸ್ಟ್ ತಿಂಗಳ ಮೊದಲ ಸೋಮವಾರ ಸ್ಟ್ಯಾನಿ ತಾವ್ರೊ ತಮ್ಮ ಕಾಲೇಜಿನ ಸ್ಟಾಫ್ ರೂಮಿನ ಹಲಗೆಗೆ ಒಂದು ಹಾಳೆ ಚುಚ್ಚುತ್ತಾರೆ. ನೈರೋಬಿಯ ಕಾಲೇಜುಗಳ ಫುಟ್‌ಬಾಲ್ ಲೀಗ್ ಶುರುವಾಗುವುದು ಸೆಪ್ಟೆಂಬರ್ ಕೊನೆಗೆ. ಅದಕ್ಕೆ ಏಳು ವಾರ ಮೊದಲೇ ಯಾವ ತಂಡ ಎಷ್ಟನೆಯ ಸ್ಥಾನದಲ್ಲಿ ಮುಗಿಸುತ್ತದೆ ಎಂದು ಹೇಳುವ ಹಾಳೆ ಅದು. ಎಡಕ್ಕೆ ಹುಡುಗರ ಎಂಟು ತಂಡ, ಬಲಕ್ಕೆ ಹುಡುಗಿಯರ ಎಂಟು ತಂಡ, ಒಂದೊಂದು ಹೆಸರಿನ ಎದುರು ಒಂದು ಸಾಲು ಕಾರಣ. ಹತ್ತೊಂಬತ್ತು ವರ್ಷಗಳಿಂದ ಇದು ನಡೆದಿದೆ. ಆ ಸೋಮವಾರ ಚಹಾ ಲೋಟ ಹಿಡಿದವರೆಲ್ಲ ಹಲಗೆಯ ಮುಂದೆಯೇ ನಿಂತಿರುತ್ತಾರೆ.

ಸ್ಟ್ಯಾನಿ ಫುಟ್‌ಬಾಲ್ ಆಡಿದವರಲ್ಲ. ಲ್ಯಾವಿಂಗ್ಟನ್ನಿನ ಆ ಕಾಲೇಜಿನಲ್ಲಿ ಅವರು ಭೌತಶಾಸ್ತ್ರದ ಲ್ಯಾಬ್ ನೋಡಿಕೊಳ್ಳುವವರು. ಕಿನ್ನಿಗೋಳಿಯಿಂದ ಇಪ್ಪತ್ತೇಳನೆಯ ವಯಸ್ಸಿಗೆ ಬಂದವರಿಗೆ ಈಗ ಐವತ್ತಾರು. ಜೂನ್, ಜುಲೈ ತಿಂಗಳ ಶನಿವಾರಗಳಲ್ಲಿ, ಮೋಡ ಇಳಿದು ಊರೆಲ್ಲ ಬೂದಿ ಬಣ್ಣವಾಗಿರುವಾಗ, ಸ್ವೆಟರ್ ಹಾಕಿಕೊಂಡು ಲಂಗಾಟಾದ ಮನೆಯಿಂದ ಮಟಾಟು ಎಂಬ ಬಾಡಿಗೆ ವ್ಯಾನು ಹಿಡಿದು ಒಂದೊಂದು ಕಾಲೇಜಿನ ಮೈದಾನಕ್ಕೂ ಹೋಗುತ್ತಾರೆ. ಅಭ್ಯಾಸ ನೋಡುತ್ತಾರೆ. ಯಾರು ಎಷ್ಟು ಗೋಲು ಹೊಡೆದರು ಎಂಬುದನ್ನು ಅವರು ಬರೆದುಕೊಳ್ಳುವುದಿಲ್ಲ. ಯಾರ ಮೊಣಕಾಲಿಗೆ ಪಟ್ಟಿ ಇದೆ, ತಪ್ಪು ಪಾಸ್ ಕೊಟ್ಟವನನ್ನು ಉಳಿದವರು ಹೇಗೆ ನೋಡುತ್ತಾರೆ, ಅಭ್ಯಾಸ ಮುಗಿದ ಮೇಲೆ ಚೆಂಡುಗಳನ್ನು ಹೆಕ್ಕುವವರು ಯಾರು, ಗೋಲ್‌ಕೀಪರ್ ಬಾಯಿ ಬಿಡುತ್ತಾನೋ ಇಲ್ಲವೋ, ಇವೆಲ್ಲ ಅವರ ನೋಟ್‌ಬುಕ್ಕಿನಲ್ಲಿರುತ್ತವೆ. ಎಂಟರಲ್ಲಿ ಐದು ಸ್ಥಾನವಾದರೂ ಅವರು ಹೇಳಿದಂತೆಯೇ ಆಗುತ್ತದೆ.

ಆದರೆ ಆ ಹಾಳೆಯಲ್ಲಿ ಪ್ರತಿ ವರ್ಷ ಒಂದು ಸುಳ್ಳು ಇರುತ್ತಿತ್ತು. ಅದು ಸ್ಟ್ಯಾನಿಗೆ ಮಾತ್ರ ಗೊತ್ತಿತ್ತು. ಸ್ವಂತ ಕಾಲೇಜಿನ ತಂಡವನ್ನು ಅವರು ತಾವು ನಂಬಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಬರೆಯುತ್ತಿದ್ದರು.

ಇದಕ್ಕೆ ಕಾರಣ ತಮ್ಮ ಕ್ರಿಸ್ಟೋಫರ್. ಮಂಗಳೂರಿನ ಕಾಲೇಜಿನಲ್ಲಿ ಅವನು ಆಡುತ್ತಿದ್ದ ಕಾಲದಲ್ಲಿ ಸ್ಟ್ಯಾನಿ ಇಡೀ ಕಿನ್ನಿಗೋಳಿಗೆ ಹೇಳಿಕೊಂಡು ತಿರುಗಿದ್ದರು: ಈ ಸಲ ಕಪ್ ನಮ್ಮ ಕ್ರಿಸ್ಟೋಫರನದ್ದೇ, ಬರೆದಿಟ್ಟುಕೊಳ್ಳಿ. ಮೊದಲ ಪಂದ್ಯದ ಹನ್ನೊಂದನೆಯ ನಿಮಿಷದಲ್ಲಿ ತಮ್ಮನ ಮೊಣಕಾಲು ತಿರುಚಿತು. ಮತ್ತೆ ಅವನು ಆಡಲಿಲ್ಲ. ತಾಯಿ ಮೂರು ಕೆಂಪು ಮೆಣಸು, ಒಂದು ಹಿಡಿ ಉಪ್ಪು ಅವನಿಗೆ ನಿವಾಳಿಸಿ ಒಲೆಗೆ ಹಾಕುತ್ತ, ತಮ್ಮನ ಕಡೆ ನೋಡದೆ ಅಣ್ಣನ ಕಡೆ ನೋಡಿದ್ದಳು. ಬೈಯಲಿಲ್ಲ. ಕ್ರಿಸ್ಟೋಫರ್ ಈಗ ಬೇಕರಿ ಇಟ್ಟುಕೊಂಡು ಸುಖವಾಗಿದ್ದಾನೆ. ಆ ಕಾಲಿನ ಬಗ್ಗೆ ನಗುತ್ತಲೇ ಮಾತನಾಡುತ್ತಾನೆ. ಸ್ಟ್ಯಾನಿಗೆ ಮಾತ್ರ ಆ ನಗು ಬರಲಿಲ್ಲ. ನಮ್ಮದು ಅನ್ನಿಸಿದ್ದನ್ನು ಊರ ಮುಂದೆ ಹೊಗಳಬಾರದು, ದೃಷ್ಟಿಯಾಗುತ್ತದೆ ಎಂಬುದು ಅವರೊಳಗೆ ಎಲುಬಿನಂತೆ ಕೂತುಬಿಟ್ಟಿತು. ತಂಡ ಅವರು ಬರೆದದ್ದಕ್ಕಿಂತ ಮೇಲೆ ಮುಗಿಸಿದಾಗ ಎಲ್ಲರೂ ‘ಸ್ಟ್ಯಾನಿಯನ್ನೂ ಸುಳ್ಳು ಮಾಡಿದರು ನಮ್ಮ ಹುಡುಗರು’ ಎಂದು ಕುಣಿಯುತ್ತಿದ್ದರು. ಯಾರಿಗೂ ಅನುಮಾನ ಬರಲಿಲ್ಲ.

ಈ ವರ್ಷ ಜುಲೈಯಲ್ಲಿ ಅವರು ಸ್ವಂತ ಕಾಲೇಜಿನ ಹುಡುಗಿಯರ ಅಭ್ಯಾಸ ನೋಡಿದರು. ಶುರುವಾಗಿ ಮೂರೇ ವರ್ಷವಾದ ತಂಡ, ಹೋದ ಸಲ ಏಳನೆಯದು. ಮೈದಾನದ ಬದಿಯಲ್ಲಿ ಅರ್ಧ ಗಂಟೆ ಎಂದು ನಿಂತವರು ಎರಡು ಗಂಟೆ ನಿಂತರು. ನಾಯಕಿ ಅಟಿಯೆನೊ ಎರಡನೆಯ ವರ್ಷದವಳು, ಉದ್ದ ಕಾಲು, ಕಡಿಮೆ ಮಾತು. ಅವಳ ಕಾಲಿಗೆ ಚೆಂಡು ಬರುವ ಮೊದಲೇ ಮುಂದಿನ ನಾಲ್ವರು ಓಡಲು ಹೊರಟಿರುತ್ತಿದ್ದರು. ಅವಳ ಪಾಸ್ ಎಲ್ಲಿಗೆ ಬರುತ್ತದೆಂದು ಅವರಿಗೆ ಅಷ್ಟು ನಂಬಿಕೆ. ಸ್ಟ್ಯಾನಿ ನೋಟ್‌ಬುಕ್ಕಿನಲ್ಲಿ ‘2’ ಎಂದು ಬರೆದು ಅದರ ಸುತ್ತ ವೃತ್ತ ಎಳೆದರು. ಆಮೇಲೆ ಅವರಿಗೆ ಭಯವಾಯಿತು. ಇಷ್ಟು ಹಿಡಿಸಿದ ತಂಡವನ್ನು ಒಂದು ಮೆಟ್ಟಿಲು ಇಳಿಸಿದರೆ ಸಾಲದು ಅನ್ನಿಸಿತು. ಆಗಸ್ಟ್‌ನ ಹಾಳೆಯಲ್ಲಿ ಅದನ್ನು ಎಂಟನೆಯ ಸಾಲಿನಲ್ಲಿ ಬರೆದರು. ಎದುರಿಗೆ ಕಾರಣ: ‘ಇನ್ನೂ ಎಳೆಯ ತಂಡ.’

ಬುಧವಾರ ಕಾರಿಡಾರಿನಲ್ಲಿ ದ್ವಾರಕಾನಾಥ್ ಎದುರಾದರು. ಮೈಸೂರಿನವರು, ರಸಾಯನಶಾಸ್ತ್ರದ ಮುಖ್ಯಸ್ಥರು, ಕ್ರೀಡಾ ಸಮಿತಿಯ ಅಧ್ಯಕ್ಷರೂ ಹೌದು.

“ಏನ್ರೀ ಸ್ಟ್ಯಾನಿ, ನಿಮ್ ಲಿಸ್ಟು ನಮ್ ಕೆಲ್ಸ ಎಷ್ಟು ಈಸಿ ಮಾಡ್ಬಿಡ್ತು ಗೊತ್ತಾ?”

“ಎಂತ ಕೆಲಸ ಸರ್?”

“ಬಸ್ಸು ಇರೋದು ಒಂದು. ಎರಡು ಟೀಮಿಗೂ ಶನಿವಾರಾನೇ ಮ್ಯಾಚು. ಯಾರಿಗೆ ಕೊಡೋದು ಅಂತ ತಿಂಗಳಿಂದ ತಲೆ ಕೆಟ್ಟೋಗಿತ್ತು. ನೀವೇ ಹುಡುಗೀರ್ನ ಕೊನೇಲಿ ಹಾಕ್ಬಿಟ್ರಿ. ಈ ವರ್ಷ ಅವ್ರು ಲೀಗ್‌ಗೆ ಬೇಡ, ಇಲ್ಲೇ ಪ್ರಾಕ್ಟೀಸ್ ಮಾಡ್ಕೊಂಡಿರ್ಲಿ. ನಾಳೆ ಮೀಟಿಂಗಲ್ಲಿ ಸೈನ್ ಹಾಕಿದ್ರೆ ಆಯ್ತು.”

“ಅಲ್ಲ ಮಾರಾಯ್ರೆ, ಅದೊಂದು ಹಾಳೆ. ಅದನ್ನು ನೋಡಿ ಯಾರಾದರೂ...”

“ಹಾಳೆ ಅಂತೀರಲ್ಲ! ಹತ್ತೊಂಬತ್ತು ವರ್ಷದ ರೆಕಾರ್ಡು ಕಣ್ರೀ. ಹವಾಮಾನ ಇಲಾಖೆಗಿಂತ ವಾಸಿ ನೀವು,” ಎಂದು ಬೆನ್ನು ತಟ್ಟಿ ದ್ವಾರಕಾನಾಥ್ ಹೋದರು.

ಸ್ಟ್ಯಾನಿ ಲ್ಯಾಬಿಗೆ ಬಂದು ಲೋಲಕದ ದಾರಗಳನ್ನು ಬಿಚ್ಚಿ ಮತ್ತೆ ಕಟ್ಟುತ್ತ ಕೂತರು. ಸುಳ್ಳು ಬರೆದೆ ಎಂದು ಹೇಳಿದರೆ ಹತ್ತೊಂಬತ್ತು ವರ್ಷದ ಮಾತು ಹೋಗುತ್ತದೆ. ಹೇಳದಿದ್ದರೆ ಹುಡುಗಿಯರ ವರ್ಷ ಹೋಗುತ್ತದೆ. ಮಧ್ಯಾಹ್ನದ ತರಗತಿ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಅಟಿಯೆನೊ ನಿಂತಿದ್ದಳು. ಕೈಯಲ್ಲಿ ಹಾಳೆಯ ಫೋಟೊ ಇದ್ದ ಫೋನು. ಸಮಿತಿಯ ಸುದ್ದಿ ಅವಳಿಗೆ ಇನ್ನೂ ತಿಳಿದಿರಲಿಲ್ಲ.

“ಮ್ವಾಲಿಮು, ಒಂದು ಪ್ರಶ್ನೆ,” ಎಂದಳು ಇಂಗ್ಲಿಷಿನಲ್ಲಿ. ಇಲ್ಲಿ ಮೇಷ್ಟ್ರನ್ನು ಹಾಗೇ ಕರೆಯುವುದು. “ನೀವು ಎರಡು ಗಂಟೆ ನಿಂತು ನೋಡಿದಿರಿ. ನಮ್ಮಲ್ಲಿ ಏನು ಕೆಟ್ಟದ್ದು ಕಂಡಿತು? ಹೇಳಿದರೆ ತಿದ್ದಿಕೊಳ್ಳುತ್ತೇವೆ.”

ಅವಳು ಒಳಗೆ ಬಂದಳು. ನಡೆಯುವಾಗ ಎಡಗಾಲನ್ನು ಪೂರ್ತಿ ಊರುತ್ತಿರಲಿಲ್ಲ.

“ಕಾಲಿಗೆ ಏನಾಯಿತು?”

“ಏನಿಲ್ಲ. ನಿಮ್ಮ ಹಾಳೆ ನೋಡಿ ನಿನ್ನೆಯಿಂದ ಬೆಳಿಗ್ಗೆ ಐದೂವರೆಗೆ ಹೆಚ್ಚಿನ ಓಟ ಹಾಕಿಕೊಂಡಿದ್ದೇವೆ. ಇಬ್ಬನಿಯಲ್ಲಿ ಜಾರಿತು.”

“ನೋವಿದ್ದಾಗ ಯಾಕೆ ಓಡುವುದು? ಸ್ವಲ್ಪ ಕಡಿಮೆ ಮಾಡಿ.”

ಅಟಿಯೆನೊ ನಕ್ಕಳು. “ಕೊನೆಯ ತಂಡ ಅಭ್ಯಾಸ ಕಡಿಮೆ ಮಾಡಬೇಕಾ, ಮ್ವಾಲಿಮು? ಇದು ಯಾವ ಊರಿನ ಫಿಸಿಕ್ಸ್?”

ಸ್ಟ್ಯಾನಿ ಅವಳ ಕಾಲನ್ನೇ ನೋಡಿದರು. ಪಾದದ ಗಂಟು ಕಾಲುಚೀಲದೊಳಗೆ ದಪ್ಪಗೆ ಊದಿರುವುದು ಕಾಣುತ್ತಿತ್ತು. ನಾಳೆ ಹೇಳುತ್ತೇನೆ ಎಂದಷ್ಟೇ ಹೇಳಿ ಕಳಿಸಿದರು.

ಅವರ ಹೆಂಡತಿ ರೋಸ್ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಸಂಜೆ ಅವಳು ಬಸಳೆ ಸೊಪ್ಪು ಬಿಡಿಸುತ್ತಿರುವಾಗ ಸ್ಟ್ಯಾನಿ ಎಲ್ಲವನ್ನೂ ಹೇಳಿದರು. ಮನೆಯಲ್ಲಿ ಅವರದು ಕೊಂಕಣಿ. ಹತ್ತೊಂಬತ್ತು ವರ್ಷದ ಗುಟ್ಟು ಆ ಭಾಷೆಯಲ್ಲಿ ಹೇಳಿದಾಗ ಇನ್ನೂ ಬಾಲಿಶವಾಗಿ ಕೇಳಿಸಿತು. ರೋಸ್ ಸೊಪ್ಪು ಬಿಟ್ಟು ಅವರನ್ನು ನೋಡಿದಳು.

“ಅಂದರೆ ಪ್ರತಿ ವರ್ಷ? ನನಗೂ ಹೇಳದೆ?”

“ಹೇಳಿದರೆ ಅದರ ಬಲ ಹೋಗುತ್ತದೆ ಅಂತ.”

“ಅಯ್ಯೋ ದೇವರೇ. ಕ್ರಿಸ್ಟೋಫರನ ಕಾಲು ನಿಮ್ಮ ನಾಲಿಗೆಯಿಂದ ತಿರುಚಿದ್ದಲ್ಲ. ಆ ಮೈದಾನದಲ್ಲಿ ಗುಂಡಿ ಇತ್ತು. ಅವನೇ ಹತ್ತು ಸಲ ಹೇಳಿದ್ದಾನೆ.”

“ನನಗೆ ಗೊತ್ತುಂಟು.”

“ಗೊತ್ತಿದ್ದೂ ಬರೆದಿರಿ. ಈಗ ನೋಡಿ, ಆ ಹುಡುಗಿಯ ಕಾಲು ಊದಿದ್ದು ಯಾರ ಕಣ್ಣಿನಿಂದ?” ಎಂದು ಕೇಳಿದಳು. ಗಂಡನ ಮುಖ ನೋಡಿ ದನಿ ತಗ್ಗಿಸಿದಳು. “ನಾಳೆ ಅವಳನ್ನು ಕ್ಲಿನಿಕ್ಕಿಗೆ ಕಳಿಸಿ. ಮತ್ತೆ, ಮೀಟಿಂಗಿಗೆ ಹೋಗುವಾಗ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಬರೀ ಬಾಯಿ ಮಾತು ಈಗ ಯಾರೂ ನಂಬುವುದಿಲ್ಲ.”

ಮರುದಿನ ಬೆಳಿಗ್ಗೆ ಅಟಿಯೆನೊಳನ್ನು ಕ್ಲಿನಿಕ್ಕಿಗೆ ಕಳಿಸಿ ಸ್ಟ್ಯಾನಿ ಮೀಟಿಂಗಿಗೆ ಹೋದರು. ಸಮಿತಿಯ ಕೋಣೆಯಲ್ಲಿ ದ್ವಾರಕಾನಾಥ್ ಇದ್ದರು, ಕ್ರೀಡಾಧಿಕಾರಿ ವಾಂಬುಯಿ ಮೇಡಂ ಇದ್ದರು. ಸ್ಟ್ಯಾನಿ ಕೂರದೆ, ಕುರ್ಚಿಯ ಬೆನ್ನು ಹಿಡಿದು ನಿಂತು, ಇಂಗ್ಲಿಷಿನಲ್ಲಿ ಹೇಳಿದರು. ಹುಡುಗಿಯರ ಸ್ಥಾನ ತಪ್ಪು, ಎಂಟಲ್ಲ, ಎರಡು. ತಿಳಿಯದೆ ಆದ ತಪ್ಪಲ್ಲ, ತಿಳಿದೇ ಬರೆದದ್ದು. ಹಿಂದಿನ ಹದಿನೆಂಟು ಹಾಳೆಗಳಲ್ಲೂ ಸ್ವಂತ ತಂಡದ ಸ್ಥಾನ ಹೀಗೇ. ಯಾಕೆ ಎಂಬುದನ್ನೂ ಹೇಳಿದರು, ಮೆಣಸು ಉಪ್ಪನ್ನೂ ಬಿಡದೆ.

ದ್ವಾರಕಾನಾಥ್ ಮೇಜಿನ ಮೇಲೆ ಬಗ್ಗಿ ಕನ್ನಡದಲ್ಲಿ ಪಿಸುಗುಟ್ಟಿದರು: “ರೀ, ದೃಷ್ಟಿ ನನಗೆ ಅರ್ಥ ಆಗತ್ತೆ. ನಮ್ಮನೇಲೂ ಹೊಸಲಿಗೆ ನಿಂಬೆಹಣ್ಣು ಇಡ್ತಾರೆ. ಇದನ್ನ ಮಿನಿಟ್ಸಲ್ಲಿ ಹೆಂಗ್ರೀ ಬರೆಯೋದು?”

ವಾಂಬುಯಿ ಮೇಡಂ ನಗಲಿಲ್ಲ. “ನಮ್ಮ ಅಜ್ಜ ತನ್ನ ಹಸುಗಳನ್ನು ಯಾರ ಎದುರೂ ಎಣಿಸುತ್ತಿರಲಿಲ್ಲ, ಮಿಸ್ಟರ್ ತಾವ್ರೊ. ಕೇಳಿದರೆ ಸುಮ್ಮನಿರುತ್ತಿದ್ದ. ಆದರೆ ಹತ್ತು ಹಸು ಇರುವ ಕಡೆ ಮೂರೇ ಇವೆ ಅಂತ ಯಾರಿಗೂ ಬರೆದುಕೊಟ್ಟವನಲ್ಲ.”

“ಹೌದು, ಮೇಡಂ.”

“ಮೊನ್ನೆ ಎಂಟು, ಇವತ್ತು ಎರಡು. ನಾವು ಯಾವುದನ್ನು ನಂಬಬೇಕು?”

ಸ್ಟ್ಯಾನಿ ನೋಟ್‌ಬುಕ್ಕನ್ನು ಅವರ ಮುಂದೆ ಇಟ್ಟರು. ವಾಂಬುಯಿ ಮೇಡಂ ಕನ್ನಡಕ ಹಾಕಿಕೊಂಡು ಓದಿದರು. ಎಂಟು ಮೈದಾನ, ತಾರೀಕು ಸಮೇತ. ತಮ್ಮ ಕಾಲೇಜಿನ ಹುಡುಗಿಯರ ಪುಟಕ್ಕೆ ಬಂದಾಗ ಅವರ ಬೆರಳು ನಿಧಾನವಾಯಿತು. ಆ ಪುಟವನ್ನು ಎರಡು ಸಲ ಓದಿ, ವೃತ್ತದೊಳಗಿನ ಅಂಕಿಯ ಮೇಲೆ ಬೆರಳಿಟ್ಟು ದ್ವಾರಕಾನಾಥರ ಕಡೆ ಸರಿಸಿದರು. ಆಮೇಲೆ ಪಂದ್ಯಗಳ ವೇಳಾಪಟ್ಟಿ ತರಿಸಿದರು. ಹುಡುಗಿಯರ ಪಂದ್ಯ ಬೆಳಿಗ್ಗೆ ಹತ್ತಕ್ಕೆ, ಹುಡುಗರದು ಮೂರಕ್ಕೆ. ಹೆಚ್ಚಿನ ಶನಿವಾರ ಬಸ್ಸು ಎರಡು ಸಲ ಹೋಗಿಬರಬಹುದು. ಆಗದ ಎರಡು ದಿನ ಹುಡುಗರು ಮಟಾಟುವಿನಲ್ಲಿ ಹೋಗಲಿ. ಇಷ್ಟನ್ನು ಮೊದಲೇ ನೋಡಬಹುದಿತ್ತು ಎಂದು ಯಾರೂ ಹೇಳಲಿಲ್ಲ.

“ಒಂದು ಷರತ್ತು,” ಎಂದರು ದ್ವಾರಕಾನಾಥ್. “ತಿದ್ದಿದ ಹಾಳೆ ಹಲಗೆ ಮೇಲೆ ಬರಬೇಕು. ಹಳೇದನ್ನೂ ತೆಗೆಯೋ ಹಾಗಿಲ್ಲ. ಕೆಳಗೆ ನಿಮ್ಮ ಸೈನು.”

ಸ್ಟ್ಯಾನಿ ಅಲ್ಲೇ ಕೂತು ಬರೆದರು. ಹೆಸರುಗಳನ್ನು ಬರೆಯಲು ಹೊತ್ತು ಹಿಡಿಯಲಿಲ್ಲ. ಎರಡನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ನೋಟ್‌ಬುಕ್ಕಿನ ವೃತ್ತವನ್ನು ಇನ್ನೊಮ್ಮೆ ನೋಡಿ ಬರೆದರು.

ಮಧ್ಯಾಹ್ನದೊಳಗೆ ಸ್ಟಾಫ್ ರೂಮಿನಲ್ಲಿ ಎರಡೂ ಹಾಳೆ ಅಕ್ಕಪಕ್ಕ ಇದ್ದವು. ಹೊಸದರ ಕೆಳಗೆ ಯಾರೋ ಪೆನ್ಸಿಲ್ಲಿನಲ್ಲಿ ‘ಇದರಲ್ಲಿ ಎಷ್ಟು ಕಳೆಯಬೇಕು?’ ಎಂದು ಬರೆದಿದ್ದರು. ಗಣಿತದ ಮೇಷ್ಟ್ರು ಈ ವರ್ಷದಿಂದ ತಾನೂ ಒಂದು ಹಾಳೆ ಹಾಕುತ್ತೇನೆಂದು ಸಾರಿದರು. ಸ್ಟ್ಯಾನಿ ಚಹಾ ಕುಡಿಯದೆ ಲ್ಯಾಬಿಗೆ ಹೋದರು.

ಅಟಿಯೆನೊ ಆಗಲೇ ಅಲ್ಲಿದ್ದಳು. ರೋಸಳ ಕ್ಲಿನಿಕ್ಕಿನಲ್ಲಿ ಕಟ್ಟಿದ ಬಿಳಿ ಪಟ್ಟಿಯ ಕಾಲನ್ನು ಒಂದು ಸ್ಟೂಲಿನ ಮೇಲೆ ಚಾಚಿದ್ದಳು. ಹತ್ತು ದಿನ ಓಡಬಾರದು ಎಂದಿದ್ದರಂತೆ. ಲೀಗ್ ಹೊತ್ತಿಗೆ ಸರಿಹೋಗುತ್ತದೆ.

ಸ್ಟ್ಯಾನಿ ಅವಳಿಗೂ ಎಲ್ಲವನ್ನೂ ಹೇಳಿದರು. ಅವಳು ಅಡ್ಡ ಮಾತಾಡದೆ ಕೇಳಿದಳು. ಕ್ಷಮಿಸು ಎಂದಾಗ ತಲೆಯನ್ನಷ್ಟೇ ಆಡಿಸಿದಳು. ಅದು ಹೌದೋ ಅಲ್ಲವೋ ಗೊತ್ತಾಗಲಿಲ್ಲ.

“ಎರಡನೆಯದಾ?” ಎಂದಳು ಕೊನೆಗೆ. “ಯಾಕೆ ಮೊದಲನೆಯದಲ್ಲ?”

ಇದಕ್ಕೆ ಉತ್ತರ ಸುಲಭವಾಗಿತ್ತು. “ಎಡಗಡೆಯ ಡಿಫೆಂಡರ್ ದಣಿದಾಗ ಚೆಂಡನ್ನೇ ನೋಡುತ್ತಾಳೆ, ಎದುರಾಳಿಯನ್ನು ಮರೆಯುತ್ತಾಳೆ. ಕಾರ್ನರ್ ಬಂದಾಗ ಗೋಲ್‌ಕೀಪರ್ ಕೂಗುವುದಿಲ್ಲ. ಮತ್ತೆ ನೀನು, ಸೋಲುತ್ತಿರುವಾಗ ಎಲ್ಲ ಕೆಲಸ ಒಬ್ಬಳೇ ಮಾಡಲು ಹೋಗುತ್ತೀ.”

ಅವಳು ತನ್ನ ನೋಟ್‌ಬುಕ್ಕು ತೆಗೆದು ಮೂರನ್ನೂ ಬರೆದುಕೊಂಡಳು. ಆಮೇಲೆ ಪೆನ್ನು ಎತ್ತದೆ ಕೇಳಿದಳು.

“ಸರಿ. ಎರಡನೆಯದು ಯಾಕೆ? ಎಂಟನೆಯದು ಯಾಕಲ್ಲ?”

ತಪ್ಪು ತೋರಿಸುವುದು ಸ್ಟ್ಯಾನಿಗೆ ಬರುತ್ತಿತ್ತು. ಎದುರಿಗೇ ಹೊಗಳುವುದು ಬರುತ್ತಿರಲಿಲ್ಲ. ಸ್ಟೂಲಿನ ಮೇಲಿದ್ದ ಪಟ್ಟಿ ಕಟ್ಟಿದ ಕಾಲಿನ ಕಡೆ ಕಣ್ಣು ಹೋಯಿತು. ಹಳೆಯ ಭಯ ಅಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಹುಡುಗಿ ಕಾಯುತ್ತಿದ್ದಳು.

“ಯಾಕೆಂದರೆ,” ಎಂದು ಅವರು ನಿಧಾನವಾಗಿ ಶುರುಮಾಡಿದರು, “ನಿನ್ನ ಹಾಗೆ ಪಾಸ್ ಕೊಡುವವರನ್ನು ನಾನು ಈ ಊರಿನ ಒಂದು ಮೈದಾನದಲ್ಲೂ ನೋಡಿಲ್ಲ.”

ಅಟಿಯೆನೊ ತಲೆ ಎತ್ತಲಿಲ್ಲ. “ಸ್ವಲ್ಪ ನಿಧಾನಕ್ಕೆ ಹೇಳಿ, ಮ್ವಾಲಿಮು,” ಎಂದಳು, ಬರೆಯುತ್ತ.