ಹತ್ತು ಸೆಕೆಂಡಿನಲ್ಲಿ ಕಳೆದುಹೋದ ಪತ್ರ

ಮೂರು ಭಾನುವಾರ ಗಂಗವ್ವ ಟೈಪಿಂಗ್ ಕಲಿಯಲು ಬರಲಿಲ್ಲ. ನಾಲ್ಕನೆಯ ಭಾನುವಾರ ನಾನೇ ಅವರ ಮನೆಗೆ ಹೋದೆ.

ನನ್ನನ್ನು ನೋಡಿದ್ದೇ ಅವರ ಮುಖ ಇಳಿಯಿತು. "ಸರ್, ನಿಮ್ಮ ಕಂಪ್ಯೂಟರ್ ಕೆಡಿಸೇನ್ರಿ ನಾ. ಹೇಳಾಕ ಧೈರ್ಯ ಆಗಲಿಲ್ರಿ."

ಹಿನ್ನೆಲೆ ಹೇಳಿಬಿಡುತ್ತೇನೆ. ಗೋವಾದ ವಾಸ್ಕೋದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಭಾನುವಾರ ಬೆಳಿಗ್ಗೆ ಸಡಾ ಗುಡ್ಡದ ಮೇಲಿನ ಕನ್ನಡ ಸಂಘದ ಕೋಣೆಯಲ್ಲಿ ಹೆಂಗಸರಿಗೆ ಟೈಪಿಂಗ್ ಕಲಿಸುತ್ತೇನೆ. (ಸಂಬಳ: ಎರಡು ಕಪ್ ಚಹಾ, ಒಮ್ಮೊಮ್ಮೆ ಶೇಂಗಾ ಹೋಳಿಗೆ.) ಇರುವುದು ಒಂದೇ ಹಳೆಯ ಕಂಪ್ಯೂಟರ್. ಅದರೊಳಗೆ ಎರಡು ಆಪರೇಟಿಂಗ್ ಸಿಸ್ಟಮ್. ಒಂದರಲ್ಲಿ ಕಸೂತಿ ಯಂತ್ರದ ಸಾಫ್ಟ್‌ವೇರ್, ಇನ್ನೊಂದರಲ್ಲಿ ಕನ್ನಡ ಬರಹ. ಸ್ವಿಚ್ ಹಾಕಿದರೆ ಕಪ್ಪು ಪರದೆ, ಬಿಳಿ ಇಂಗ್ಲಿಷ್ ಅಕ್ಷರ. ಯಾವುದು ಬೇಕೆಂದು ಹತ್ತು ಸೆಕೆಂಡಿನಲ್ಲಿ ಆರಿಸಬೇಕು. ಹೀಗೆ ಕೇಳುವ ಪ್ರೋಗ್ರಾಮಿನ ಹೆಸರು ಬೂಟ್ ಲೋಡರ್. ಸುಮ್ಮನಿದ್ದರೆ ಅದು ತಾನಾಗಿಯೇ ಕಸೂತಿಯ ಕಡೆ ಹೋಗುತ್ತದೆ.

ಗಂಗವ್ವ ಕಟ್ಟಡ ಕೆಲಸದಲ್ಲಿ ಬುಟ್ಟಿ ಹೊತ್ತವರು. ಅಕ್ಷರ ಕಲಿತದ್ದೇ ಐವತ್ತು ದಾಟಿದ ಮೇಲೆ. ಬಾಯ್ನಾ ಕಡಲತೀರದ ಮನೆಗಳನ್ನು ಸರ್ಕಾರ ಕೆಡವಿದಾಗ ದೂರವಾದ ನೆರೆಯಾಕೆ ಈರವ್ವನ ವಿಳಾಸ, ಫೋನ್ ನಂಬರ್ ಈಚೆಗೆ ಸಿಕ್ಕಿದ್ದವು. ಅವಳಿಗೆ ವಾರಕ್ಕೆ ಮೂರು ಸಾಲಿನಂತೆ ಈ ಕಂಪ್ಯೂಟರಿನಲ್ಲೇ ಪತ್ರ ಬರೆಯುತ್ತಿದ್ದರು. ಫೋನ್ ಮಾಡಬಹುದಲ್ಲ ಅಂದಿದ್ದೆ. "ಫೋನಿನ್ಯಾಗ ಅಳೂದ ಆಗತೈತ್ರಿ, ಮಾತ ಆಗೂದಿಲ್ಲ" ಅಂದಿದ್ದರು.

ಅವತ್ತು ಏನಾಗಿತ್ತು? ನಾನು ಚಹಾಕ್ಕೆಂದು ಹೊರಗೆ ಹೋಗಿದ್ದೆ. ಇವರೇ ಸ್ವಿಚ್ ಹಾಕಿದ್ದಾರೆ. ಪರದೆಯ ಮೇಲೆ ಎಣಿಕೆ ಇಳಿಯುತ್ತಿದ್ದಂತೆ ಯಾವ ಕೀಲಿ ಒತ್ತಬೇಕೆಂದು ಹುಡುಕಿದ್ದಾರೆ. ಅಷ್ಟರಲ್ಲಿ ಯಂತ್ರ ಕಸೂತಿಯ ಕಡೆ ಹೋಗಿದೆ. ಅಲ್ಲಿ ಪತ್ರ ಎಲ್ಲಿರಬೇಕು? ಅಷ್ಟೂ ತಾನೇ ಅಳಿಸಿಬಿಟ್ಟೆ ಅಂದುಕೊಂಡು, ಯಾರಿಗೂ ಹೇಳದೆ ಮನೆಗೆ ಹೋಗಿಬಿಟ್ಟಿದ್ದಾರೆ.

ಕೈಹಿಡಿದು ಸಂಘದ ಕೋಣೆಗೆ ಕರೆದುಕೊಂಡು ಬಂದೆ. ಸರಿಯಾದ ಕಡೆ ಹೋಗಿ ಪತ್ರ ತೆಗೆದೆ.

"ಈರವ್ವ, ಮನಿ ಖಾಲಿ ಮಾಡೂ ಗದ್ಲದಾಗ ನಿನ್ನ ರೊಟ್ಟಿ ಹಂಚು ನನ್ನ ಗಂಟಿನ್ಯಾಗ ಬಂದೈತಿ. ಇನ್ನೂ ಐತಿ."

ಗಂಗವ್ವ ಪರದೆಯನ್ನು ಬೆರಳಿನಿಂದ ಮುಟ್ಟಿದರು. "ಇಲ್ಲೇ ಇತ್ತೇನ್ರಿ?" ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಆ ಹತ್ತು ಸೆಕೆಂಡಿನ ಗಡುವು ಇಟ್ಟವನು ನಾನೇ. ಅಂಗಡಿಯಲ್ಲಿ ಎಲ್ಲ ಯಂತ್ರಗಳಿಗೂ ಹಾಗೇ ಇಡುತ್ತೇನೆ. ಯಾಕೆ? ಯಾವತ್ತೂ ಕೇಳಿಕೊಂಡಿರಲಿಲ್ಲ.

ಬೂಟ್ ಲೋಡರಿಗೆ ಹೊಸ ಪರದೆ ಮಾಡಲು ಕೂತೆ. ಹಿಂದೆ ಸಮುದ್ರದ ಫೋಟೋ, ಮುಂದೆ ಕನ್ನಡದಲ್ಲಿ ಎರಡು ಹೆಸರು: ಕಸೂತಿ, ಪತ್ರ. ಹೆಮ್ಮೆಯಿಂದ ತೋರಿಸಿದೆ. ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ 'ಪತ್ರ' ಹೋಗಿ 'ಪತ್‌ರ' ಆಗಿತ್ತು. ಗಂಗವ್ವ ಮೊದಲ ಸಲ ನಕ್ಕರು. "ಇದು ನನಗಿಂತ ಹೊಸದಾಗಿ ಕಲ್ತಂಗ ಐತ್ರಿ!"

ಅಕ್ಷರಗಳನ್ನೇ ಚಿತ್ರ ಮಾಡಿ ಅಂಟಿಸಿದೆ. ಒಂದು ಕಡೆ ಸೂಜಿ ದಾರ, ಇನ್ನೊಂದು ಕಡೆ ಕಾಗದ. ಆರಿಸಿದ್ದರ ಸುತ್ತ ತೆಳ್ಳನೆಯ ನೀಲಿ ಗೆರೆ.

"ಈಗ ಯಾವುದರ ಮ್ಯಾಲ ಅದೀನ್ರಿ ನಾ?" ಎಂದು ಕಣ್ಣು ಕಿರಿದು ಮಾಡಿದರು. "ಗೆರಿ ಕಾಣವಲ್ದು. ಬ್ಯಾಡಾದ್ದನ್ನ ಮಸಕ್ ಮಾಡ್ರಲಾ, ಬೇಕಾದ್ದು ತಾನ ಕಾಣತೈತಿ."

ಮಾಡಿದೆ. ಎಷ್ಟು ಚಲೋ ಕಂಡಿತು ಅಂತೀರಿ! ಎಣಿಕೆಯನ್ನು ತೆಗೆದೇ ಹಾಕಿದೆ.

ಪತ್ರ ಮುಗಿದು ಅಂಚೆಗೂ ಹೋಯಿತು. ಹೋದ ವಾರ ಹೊಸದಾಗಿ ಸೇರಿದ ಶಾಂತವ್ವ ಆ ಪರದೆಯ ಮುಂದೆ ಗಾಬರಿಯಾಗಿ ಕೂತಿದ್ದರು. ಗಂಗವ್ವ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡರು. "ಸಾವಕಾಶ ನೋಡವಾ. ಅದು ಎಲ್ಲೀ ಹೋಗೂದಿಲ್ಲ, ಕಾಯತೈತಿ."

ಯಂತ್ರ ಕಾಯುವಂತೆ ಮಾಡಲು ನಾನು ಬದಲಿಸಿದ್ದು ಒಂದೇ ಒಂದು ಸಾಲು. ಇಷ್ಟು ವರ್ಷ ಅದು ನನಗೆ ಯಾಕೆ ಹೊಳೆಯಲಿಲ್ಲ?